ಟೇಪು ಹಿಡಿದು ನೋಡಿ: ಎಂಎಸ್ ನಮ್ಮನ್ನು ಎಷ್ಟು ಇಳಿಸಿದೆ ಎಂದು ಮನೆಯಲ್ಲೇ ಅಳೆಯುವ ಬಗೆ

ನಾನು ಹೊಲಿಗೆ ಕೆಲಸದವಳು. ಯಾರಾದರೂ ಬಂದು "ನನ್ನ ಸೊಂಟ 34" ಎಂದು ತಾವೇ ಹೇಳಿದರೆ ಬರೆದುಕೊಳ್ಳುವುದಿಲ್ಲ. ಟೇಪು ಹಿಡಿದೇ ನೋಡುತ್ತೇನೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಎರಡು ವರ್ಷದ ಹಿಂದಿನ ಅಳತೆ ತಲೆಯಲ್ಲಿ ಕೂತುಬಿಟ್ಟಿರುತ್ತದೆ, ಅಷ್ಟೇ. ನನ್ನ ಕಾಲಿನ ವಿಷಯದಲ್ಲಿ ನಾನೂ ಅದೇ ತಪ್ಪು ಮಾಡಿದ್ದೆ.

2011ರಲ್ಲಿ ಬಲಗಣ್ಣು ಮಂಜಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂಬ ಮಿದುಳು, ಬೆನ್ನುಹುರಿಯ ನರಗಳ ಕಾಯಿಲೆ ಅಂತ ಗೊತ್ತಾಯಿತು. 2014ರಲ್ಲಿ ಸೊಂಟದಿಂದ ಕೆಳಗೆ ಜೋಮು ಹಿಡಿದು ಎರಡನೇ ಅಟ್ಯಾಕ್ ಆಯಿತು. ಅಲ್ಲಿಂದ 2019ರ ತನಕ ಒಂದೂ ಅಟ್ಯಾಕ್ ಇಲ್ಲ. ಎಂಆರ್‌ಐಯಲ್ಲಿ ಹಾನಿ ತೋರುವ ಹೊಸ ಕಲೆಯೂ ಇಲ್ಲ. "ಚೆನ್ನಾಗಿದ್ದೀರಲ್ಲಮ್ಮಾ" ಅಂದರು ಡಾಕ್ಟರು. "ಹೌದು ಡಾಕ್ಟ್ರೇ" ಅಂದೆ ನಾನು. ಐದು ನಿಮಿಷದಲ್ಲಿ ಹೊರಗೆ ಬಂದಿದ್ದೆ.

ಮನೆಗೆ ಬಂದ ಮೇಲೆ ಮಗಳು ಕೇಳಿದಳು. "ಚೆನ್ನಾಗಿದ್ರೆ ಮೆಟ್ಟಿಲು ಹತ್ತೋವಾಗ ಕಂಬಿ ಯಾಕೆ ಹಿಡ್ಕೋತೀಯಮ್ಮಾ? ಮುಂಚೆ ಹಿಡೀತಿರ್ಲಿಲ್ಲ." ಆಗ ಇನ್ನೊಂದು ಸಂಗತಿ ನೆನಪಾಯಿತು. 2017ರಲ್ಲಿ ನಾನು ಕಾಲಲ್ಲಿ ತುಳಿಯುವ ಮೆಷಿನ್‌ಗೆ ಮೋಟಾರ್ ಹಾಕಿಸಿದ್ದೆ. ಕೆಲಸ ಬೇಗ ಸಾಗಲಿ ಅಂತ ಹಾಕಿಸಿದೆ ಎಂದುಕೊಂಡಿದ್ದೆ. ನಿಜ ಬೇರೆಯೇ ಇತ್ತು. ಅರ್ಧ ಗಂಟೆ ತುಳಿದರೆ ಬಲಗಾಲು ಪೆಡಲ್ ಮೇಲೆ ಸೋತು ಹೋಗುತ್ತಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು.

ಆ ವಾರವೇ ಒಂದು ನೋಟ್‌ಬುಕ್ ಶುರು ಮಾಡಿದೆ. ಅದರಲ್ಲಿ ಏನು ಬರೆಯುತ್ತೇನೆ, ಹೇಗೆ ಅಳೆಯುತ್ತೇನೆ, ಎಷ್ಟು ವ್ಯತ್ಯಾಸ ಕಂಡರೆ ಡಾಕ್ಟರ ಮುಂದೆ ಇಡುತ್ತೇನೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಔಷಧ ಬದಲಿಸುವುದು, ನಿಲ್ಲಿಸುವುದು ನಮ್ಮ ಕೆಲಸವಲ್ಲ. ಅಳತೆ ಕೊಡುವುದು ಮಾತ್ರ ನಮ್ಮದು.

ಇಳಿಯುವ ದಾರಿ ಎರಡು

ಮೊದಲು ಇದು ತಿಳಿದಿರಬೇಕು. ಇಲ್ಲದಿದ್ದರೆ ಏನನ್ನು ಅಳೆಯುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಮಿದುಳು, ಬೆನ್ನುಹುರಿ, ಕಣ್ಣಿನ ನರ, ಇವುಗಳ ಒಳಗಿನ ನರತಂತುಗಳ ಮೇಲೆ ಮೈಲಿನ್ ಎಂಬ ಹೊದಿಕೆ ಇರುತ್ತದೆ. ರೋಗದಿಂದ ಕಾಯಬೇಕಾದ ನಮ್ಮದೇ ರಕ್ತಕಣಗಳು ಎಂಎಸ್‌ನಲ್ಲಿ ಆ ಹೊದಿಕೆಯ ಮೇಲೇ ಬೀಳುತ್ತವೆ. ಅಲ್ಲಿ ಊತ ಬರುತ್ತದೆ. ಸಂದೇಶ ತಡವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಇದೇ ಅಟ್ಯಾಕ್, ಡಾಕ್ಟರುಗಳ ಮಾತಲ್ಲಿ ರಿಲ್ಯಾಪ್ಸ್. ವಾರಗಳು ಕಳೆದಂತೆ ಊತ ಇಳಿಯುತ್ತದೆ, ಹೊದಿಕೆ ಒಂದಿಷ್ಟು ಮತ್ತೆ ಬೆಳೆಯುತ್ತದೆ, ನಾವೂ ಚೇತರಿಸಿಕೊಳ್ಳುತ್ತೇವೆ. ಪೂರ್ತಿ ಚೇತರಿಸಿಕೊಳ್ಳದಿದ್ದರೆ ಒಂದು ಮೆಟ್ಟಿಲು ಕೆಳಗೆ ಉಳಿಯುತ್ತೇವೆ. ಇದು ಮೊದಲ ದಾರಿ. ಇದು ಎಲ್ಲರಿಗೂ ಕಾಣುತ್ತದೆ.

ಎರಡನೆಯದು ಕಾಣುವುದಿಲ್ಲ. ಓವರ್‌ಲಾಕ್ ಬಿಚ್ಚಿಹೋದ ಬಟ್ಟೆ ಆವತ್ತೇ ಹರಿಯುವುದಿಲ್ಲ, ಅಲ್ವಾ? ಅಂಚಿನಿಂದ ಒಂದೊಂದೇ ಎಳೆ ಕಳಚುತ್ತಾ ಬರುತ್ತದೆ. ಹೊದಿಕೆ ಕಳೆದುಕೊಂಡ ನರತಂತುವೂ ಹಾಗೇ. ಸಂದೇಶ ಸಾಗಿಸಲು ಅದಕ್ಕೆ ಮೊದಲಿಗಿಂತ ಜಾಸ್ತಿ ಶಕ್ತಿ ಬೇಕು. ವರ್ಷಗಟ್ಟಲೆ ಹಾಗೆ ದುಡಿದು ಕೊನೆಗೆ ತಂತುವೇ ಸಾಯುತ್ತದೆ. ಹಳೆಯ ಕಲೆಗಳ ಅಂಚಿನಲ್ಲಿ ಸಣ್ಣ ಉರಿ ಆರದೆ ಉಳಿದಿರುವುದೂ ಉಂಟು. ಎಂಆರ್‌ಐಯಲ್ಲಿ ಹೊಸ ಕಲೆ ಬರದೆಯೇ, ಅಟ್ಯಾಕ್ ಆಗದೆಯೇ ಕಾಲು ನಿಧಾನವಾಗುತ್ತದೆ. ವೈದ್ಯರು ಇದನ್ನು ಪೈರಾ ಎನ್ನುತ್ತಾರೆ. ರಿಲ್ಯಾಪ್ಸ್‌ಗೆ ಸಂಬಂಧವಿಲ್ಲದೆ ಆಗುವ ಇಳಿತ ಅಂತ ಅರ್ಥ. ಅಟ್ಯಾಕ್ ಬಂದು ಹೋಗುವ ಬಗೆಯ ಎಂಎಸ್ ಇರುವವರಲ್ಲೂ ಒಟ್ಟು ಇಳಿತದ ದೊಡ್ಡ ಪಾಲು ಈ ದಾರಿಯಲ್ಲೇ ಬರುತ್ತದೆ ಎಂದು ಇತ್ತೀಚಿನ ದೊಡ್ಡ ಔಷಧ ಪರೀಕ್ಷೆಗಳು ತೋರಿಸಿವೆ. ಸುಮಾರು 10ರಿಂದ 15 ಶೇಕಡಾ ಜನರಿಗೆ ಮೊದಲ ದಿನದಿಂದಲೇ ಇದೊಂದೇ ದಾರಿ.

ಹಾಗಾದರೆ ಇಷ್ಟು ವರ್ಷ ಯಾಕೆ ಗೊತ್ತಾಗುವುದಿಲ್ಲ? ಬಟ್ಟೆ ಹೊಲಿಯುವಾಗ ಒಳಗೆ ಒಂದಿಷ್ಟು ಮಾರ್ಜಿನ್ ಬಿಟ್ಟಿರುತ್ತೇವೆ. ಮಿದುಳಿಗೂ ಅಂಥದ್ದೊಂದು ಇದೆ. ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿಯಲ್ಲಿ ಕೆಲಸ ಮಾಡಿಸಿಕೊಳ್ಳುತ್ತದೆ. ಮಾರ್ಜಿನ್ ಮುಗಿದ ಮೇಲಷ್ಟೇ ಬಿಗಿಯಾಗಿದೆ ಅಂತ ಗೊತ್ತಾಗುವುದು. ಜೊತೆಗೆ ನಾವೂ ಜಾಣರು. ಮೋಟಾರ್ ಹಾಕಿಸಿಕೊಳ್ಳುತ್ತೇವೆ, ಕಂಬಿ ಹಿಡಿಯುತ್ತೇವೆ.

ನಿಮ್ಮದು ಯಾವ ಕಾಯಿಲೆ?

ಮೈಲಿನ್ ಹಾಳು ಮಾಡುವ ಕಾಯಿಲೆಗಳೆಲ್ಲ ಒಂದೇ ರೀತಿ ಇಳಿಸುವುದಿಲ್ಲ. ಹೆಸರನ್ನು ಸರಿಯಾಗಿ ಕೇಳಿ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ಕಾಯುವಾಗ ನನಗೆ ಒಬ್ಬ ಹುಡುಗಿಯ ಪರಿಚಯವಾಯಿತು. ಅವಳದು ಎನ್‌ಎಂಒ, ಮುಖ್ಯವಾಗಿ ಕಣ್ಣಿನ ನರ ಮತ್ತು ಬೆನ್ನುಹುರಿಯ ಮೇಲೆ ಬೀಳುವ ಕಾಯಿಲೆ. 2004ರ ತನಕ ಇದನ್ನು ಎಂಎಸ್‌ನ ತಮ್ಮನೇನೋ ಅಂದುಕೊಂಡಿದ್ದವರೇ ಜಾಸ್ತಿ. ಆ ವರ್ಷ ಇದಕ್ಕೇ ಮೀಸಲಾದ ಪ್ರತಿಕಾಯ ರಕ್ತದಲ್ಲಿ ಸಿಕ್ಕಿತು. ಅದು ಅಕ್ವಾಪೊರಿನ್-4 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು ಮರುವರ್ಷ ತಿಳಿಯಿತು. ಎನ್‌ಎಂಒದಲ್ಲಿ ನಿಧಾನದ ಇಳಿಜಾರು ಬಹಳ ಅಪರೂಪ. ಇಳಿತವೆಲ್ಲ ಅಟ್ಯಾಕಿನಿಂದಲೇ ಬರುತ್ತದೆ, ಆದರೆ ಒಂದೊಂದು ಅಟ್ಯಾಕ್ ಕೂಡ ಭಾರಿ. ಒಂದೇ ಸಲಕ್ಕೆ ಕಣ್ಣು ಹೋಗಬಹುದು, ಎರಡೂ ಕಾಲು ಬೀಳಬಹುದು. ಹಾಗಾಗಿ ಅವಳಿಗೆ ನಡಿಗೆಯ ಸೆಕೆಂಡು ಎಣಿಸುವುದಕ್ಕಿಂತ ಮಾತ್ರೆ ತಪ್ಪದಿರುವುದು ಮುಖ್ಯ. ಎಂಎಸ್‌ಗೆ ಕೊಡುವ ಕೆಲವು ಔಷಧಗಳು, ಉದಾಹರಣೆಗೆ ಇಂಟರ್‌ಫೆರಾನ್ ಬೀಟಾ, ಎನ್‌ಎಂಒವನ್ನು ಇನ್ನಷ್ಟು ಕೆಡಿಸಬಲ್ಲವು. ಹೆಸರು ಸರಿಯಿರಬೇಕು ಅಂದದ್ದು ಅದಕ್ಕೇ.

ಮೈಲಿನ್‌ನಲ್ಲಿರುವ ಮಾಗ್ (MOG) ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯದ ಕಾಯಿಲೆ ಮಕ್ಕಳಲ್ಲೂ ಬರುತ್ತದೆ. ಅಲ್ಲೂ ಅಟ್ಯಾಕುಗಳದ್ದೇ ಆಟ. ಚೇತರಿಕೆ ಸಾಮಾನ್ಯವಾಗಿ ಎನ್‌ಎಂಒಗಿಂತ ಚೆನ್ನಾಗಿರುತ್ತದೆ.

ಇನ್ನೊಬ್ಬ ಹಿರಿಯರದು ಸಿಐಡಿಪಿ. ಇದು ಮಿದುಳಿನದ್ದಲ್ಲ, ಕೈಕಾಲಿಗೆ ಹೋಗುವ ನರಗಳದ್ದು. ಇವೇ ನರಗಳಿಗೆ ದಿಢೀರನೆ ಬರುವ ಗಿಲಾನ್ ಬಾರೆ ಸಿಂಡ್ರೋಮ್ ನಾಲ್ಕು ವಾರದೊಳಗೆ ತನ್ನ ತುದಿ ಮುಟ್ಟಿಬಿಡುತ್ತದೆ. ಸಿಐಡಿಪಿ ಎಂಟು ವಾರ ದಾಟಿಯೂ ಏರುತ್ತಲೇ ಇರುತ್ತದೆ. ಅವರು ಕೈಹಿಡಿತ ಅಳೆಯುವ ಸಾಧನ ಇಟ್ಟುಕೊಂಡು ವಾರಕ್ಕೆ ಎರಡು ಸಲ ಹಿಸುಕಿ ಬರೆಯುತ್ತಾರೆ. ಅವರ ಮದ್ದಾದ ಇಮ್ಯುನೋಗ್ಲಾಬ್ಯುಲಿನ್ (ಪ್ರತಿಕಾಯಗಳ) ಡ್ರಿಪ್ಪಿನ ಮುಂದಿನ ದಿನ ಹತ್ತಿರ ಬಂದಂತೆ ಅಂಕಿ ಇಳಿಯುತ್ತದೆ, ಹಾಕಿಸಿಕೊಂಡ ಮೇಲೆ ಏರುತ್ತದೆ. ಡ್ರಿಪ್ಪಿನ ಅಂತರ ಎಷ್ಟಿರಬೇಕು ಎಂದು ಅವರ ಡಾಕ್ಟರು ಆ ಕಾಗದ ನೋಡಿಯೇ ಗೊತ್ತು ಮಾಡಿದರು. ಅವರಿಗೆ ವಾರದ ಅಳತೆ ಸರಿ. ನಮಗೆ, ಎಂಎಸ್‌ನವರಿಗೆ, ಅದು ಬೇಡ. ಯಾಕೆಂದು ಆಮೇಲೆ ಹೇಳುತ್ತೇನೆ.

ಡಾಕ್ಟರ ಅಂಕಿ ಕೇಳಿ ಪಡೆಯಿರಿ

ಎಂಎಸ್ ಎಷ್ಟು ಇಳಿಸಿದೆ ಎಂದು ತೋರಿಸುವ ಇಡಿಎಸ್‌ಎಸ್ ಎಂಬ ಒಂದು ಅಳತೆಗೋಲಿದೆ. ಜಾನ್ ಕರ್ಟ್ಜ್‌ಕೆ ಎಂಬ ನರವೈದ್ಯರು 1983ರಲ್ಲಿ ಇದನ್ನು ಈಗಿನ ರೂಪಕ್ಕೆ ತಂದರು. 0 ಅಂದರೆ ಪರೀಕ್ಷೆಯಲ್ಲಿ ಏನೂ ಕೊರತೆಯಿಲ್ಲ. 10 ಅಂದರೆ ಎಂಎಸ್‌ನಿಂದ ಸಾವು. ನಡುವೆ, 1ರಿಂದ ಮುಂದೆ, ಅರ್ಧರ್ಧ ಹೆಜ್ಜೆ. ನೆನಪಿಡಬೇಕಾದ ಗುರುತು ನಾಲ್ಕು. 4.0 ಎಂದರೆ ಕೋಲಿಲ್ಲದೆ, ನಿಲ್ಲದೆ 500 ಮೀಟರ್ ನಡೆಯಬಲ್ಲಿರಿ. 6.0 ಎಂದರೆ 100 ಮೀಟರಿಗೆ ಒಂದು ಕೋಲು ಬೇಕು. 6.5 ಎಂದರೆ ಎರಡೂ ಕೈಗೆ ಆಧಾರ ಬೇಕು, ಆಗ 20 ಮೀಟರ್. 7.0 ಎಂದರೆ ಆಧಾರವಿದ್ದರೂ 5 ಮೀಟರಿಗಿಂತ ಮುಂದೆ ಆಗದು, ಓಡಾಟಕ್ಕೆ ಗಾಲಿಕುರ್ಚಿ.

"ನನ್ನ ಇಡಿಎಸ್‌ಎಸ್ ಎಷ್ಟಿದೆ, ಬರೆದು ಕೊಡ್ತೀರಾ?" ಎಂದು ಕೇಳಿ. ನಾನು ಎಂಟು ವರ್ಷ ಕೇಳಿರಲಿಲ್ಲ. ಕೇಳಿದ ದಿನ 3.0 ಅಂತ ಬರೆದುಕೊಟ್ಟರು.

ಒಂದು ಮಾತು ಹೇಳಲೇಬೇಕು. ಇದು ಕಾಲಿನ ಕಡೆಗೆ ವಾಲಿದ ಅಳತೆಗೋಲು. 4.0 ದಾಟಿದ ಮೇಲೆ ಅಂಕಿ ಹೆಚ್ಚು ಕಡಿಮೆ ಎಲ್ಲ ನಡಿಗೆಯ ಮೇಲೇ ನಿಂತಿರುತ್ತದೆ. ನನ್ನ ಬೆರಳು ಸೂಜಿ ಹಿಡಿಯದಂತಾದರೂ, ಅಳತೆ ಬರೆಯುವಾಗ ತಲೆ ಮಂಕಾದರೂ ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಹೊಟ್ಟೆಪಾಡು ಕೈಯಲ್ಲಿರುವವರಿಗೆ ಇದೊಂದನ್ನೇ ನೆಚ್ಚಿದರೆ ಆಗದು.

ಮನೆಯ ಅಳತೆ

ನಡಿಗೆ. ಕ್ಲಿನಿಕ್ಕಿನಲ್ಲಿ 25 ಅಡಿ, ಅಂದರೆ 7.62 ಮೀಟರ್ ನಡೆಸುತ್ತಾರೆ. ನಾನು ಮನೆಯ ಉದ್ದನೆಯ ಪಡಸಾಲೆಯಲ್ಲಿ ಟೇಪು ಹಿಡಿದು ಎರಡು ಕಡೆ ಬಣ್ಣದ ಪಟ್ಟಿ ಅಂಟಿಸಿದ್ದೇನೆ. ಮುಂದೆ ಇನ್ನೂ ಒಂದೆರಡು ಹೆಜ್ಜೆ ಜಾಗವಿರಬೇಕು, ಇಲ್ಲದಿದ್ದರೆ ಗೋಡೆಗೆ ಹೆದರಿ ಕೊನೆಯಲ್ಲಿ ನಿಧಾನ ಮಾಡುತ್ತೇವೆ. ಬೀಳದಷ್ಟು, ಆದರೆ ಆದಷ್ಟು ಬೇಗ ನಡೆಯಬೇಕು. ಮಗಳು ಫೋನಿನಲ್ಲಿ ಸೆಕೆಂಡು ನೋಡುತ್ತಾಳೆ. ಎರಡು ಸಲ ನಡೆದು ಸರಾಸರಿ ಬರೆಯುತ್ತೇವೆ. ಕೋಲು ಬಳಸುವವರು ಪ್ರತಿ ಸಲವೂ ಕೋಲು ಹಿಡಿದೇ ನಡೆಯಿರಿ. ಬೀಳುವ ಭಯವಿದ್ದರೆ ಒಬ್ಬರೇ ಮಾಡಲೇಬೇಡಿ.

ಕೈ. ಕ್ಲಿನಿಕ್ಕಿನಲ್ಲಿ ಒಂಬತ್ತು ತೂತಿನ ಹಲಗೆ ಇರುತ್ತದೆ. ಒಂಬತ್ತು ಕಡ್ಡಿ ಹಾಕಿ ತೆಗೆಯಬೇಕು, ಒಂದೊಂದು ಕೈಗೂ ಬೇರೆ ಬೇರೆ ಲೆಕ್ಕ. ನನ್ನ ಹತ್ತಿರ ಹಲಗೆ ಇಲ್ಲ, ಗುಂಡಿಗಳಿವೆ. ಒಂಬತ್ತು ಅಂಗಿ ಗುಂಡಿಗಳನ್ನು ಮೇಜಿನಿಂದ ಒಂದೊಂದಾಗಿ ಎತ್ತಿ ಸಣ್ಣ ಬಾಯಿಯ ಡಬ್ಬಿಗೆ ಹಾಕುತ್ತೇನೆ. ಮೊದಲು ಬಲಗೈ, ಆಮೇಲೆ ಎಡಗೈ. ಈ ಸೆಕೆಂಡನ್ನು ಕ್ಲಿನಿಕ್ಕಿನ ಸೆಕೆಂಡಿಗೆ ಹೋಲಿಸಲು ಬರುವುದಿಲ್ಲ. ನನ್ನದನ್ನು ನನ್ನ ಹಿಂದಿನದಕ್ಕೆ ಹೋಲಿಸುತ್ತೇನೆ, ಅಷ್ಟು ಸಾಕು. ಗುಂಡಿ ಮಾತ್ರ ಪ್ರತಿ ಸಲ ಅವೇ ಇರಬೇಕು.

ಕಣ್ಣು. ಒಂದು ಕಣ್ಣು ಮುಚ್ಚಿ ಸಣ್ಣ ಅಕ್ಷರ ಓದಿ, ಆಮೇಲೆ ಇನ್ನೊಂದು. ಕೆಂಪು ದಾರದ ಉಂಡೆಯನ್ನೂ ಒಂದೊಂದೇ ಕಣ್ಣಿನಿಂದ ನೋಡುತ್ತೇನೆ. ಎಡಗಣ್ಣಿಗೆ ಅದು ಕೆಂಪು, ಬಲಗಣ್ಣಿಗೆ ತೊಳೆದು ತೊಳೆದು ಮಾಸಿದ ಇಟ್ಟಿಗೆ ಬಣ್ಣ. 2011ರಿಂದ ಹಾಗೇ ಇದೆ. ಬಣ್ಣ ಇದ್ದಕ್ಕಿದ್ದಂತೆ ಇನ್ನಷ್ಟು ಮಾಸಿದರೆ, ಕಣ್ಣು ತಿರುಗಿಸಿದಾಗ ನೋವಾದರೆ, ಅದು ಅಳತೆಯ ವಿಷಯವಲ್ಲ, ಆಸ್ಪತ್ರೆಗೆ ಹೋಗುವ ವಿಷಯ.

ತಲೆ. ಚಿಹ್ನೆಗೆ ಅಂಕಿ ಜೋಡಿಸುವ 90 ಸೆಕೆಂಡಿನ ಪರೀಕ್ಷೆ ಇದೆ. ಮನೆಯಲ್ಲಿ ಅದೇ ಹಾಳೆ ಮತ್ತೆ ಮತ್ತೆ ಮಾಡಿದರೆ ಬಾಯಿಪಾಠವಾಗುತ್ತದೆ. ವರ್ಷಕ್ಕೊಮ್ಮೆ ಕ್ಲಿನಿಕ್ಕಿನಲ್ಲೇ ಮಾಡಿಸಿಕೊಳ್ಳಿ. ನಾಲ್ಕು ಅಂಕ ಅಥವಾ ಜಾಸ್ತಿ ಇಳಿದರೆ ಗಮನ ಕೊಡಬೇಕು ಎನ್ನುತ್ತಾರೆ. ಮನೆಯಲ್ಲಿ ನಾನು ನೋಡುವುದು ಒಂದೇ: ಆ ತಿಂಗಳು ಎಷ್ಟು ಬಟ್ಟೆ ತಪ್ಪಾಗಿ ಕತ್ತರಿಸಿದೆ.

ಮೂತ್ರ. ನಾಚಿಕೆ ಬಿಟ್ಟು ಬರೆಯಿರಿ. ರಾತ್ರಿ ಎಷ್ಟು ಸಲ ಏಳುತ್ತೀರಿ, ಅವಸರ ಬಂದರೆ ಎಷ್ಟು ಹೊತ್ತು ತಡೆಯಬಲ್ಲಿರಿ, ಪೂರ್ತಿ ಹೋಯಿತು ಅನ್ನಿಸುತ್ತದೆಯೇ ಇಲ್ಲವೇ.

ಇಷ್ಟೆಲ್ಲ ಆದ ಮೇಲೆ ಕೊನೆಯ ಪುಟ. ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ ಪುಟವೇ ಇದು. ಅದರ ತಲೆಬರಹ "ಬಿಟ್ಟ ಕೆಲಸಗಳು". ಏನು ಮಾಡಲಾಗುತ್ತಿಲ್ಲ ಅಂತಲ್ಲ, ಏನು ಮಾಡುವುದನ್ನು ಬಿಟ್ಟಿದ್ದೇನೆ ಅಂತ ಬರೆಯಬೇಕು. ಎರಡಕ್ಕೂ ವ್ಯತ್ಯಾಸವಿದೆ. "ಮೆಟ್ಟಿಲು ಹತ್ತಲು ಆಗುತ್ತದೆಯೇ?" ಎಂದು ಕೇಳಿದರೆ ಆಗುತ್ತದೆ ಅನ್ನುತ್ತೇನೆ. ಆದರೆ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಗಿ ಏಳು ತಿಂಗಳಾಗಿರುತ್ತದೆ. ಮೊದಲ ಸಲ ಬರೆದಾಗ ನನ್ನ ಪುಟದಲ್ಲಿ ಇಷ್ಟಿತ್ತು: ಪೆಡಲ್ ತುಳಿಯುವುದು. ನಿಂತುಕೊಂಡು ಸೀರೆ ಉಡುವುದು, ಈಗ ಮಂಚದ ಅಂಚಿಗೆ ಒರಗಿ ಉಡುತ್ತೇನೆ. ಹಿಂಬದಿ ಪಟ್ಟಿ ಇಲ್ಲದ ಚಪ್ಪಲಿ, ಬಲಗಾಲಿನದು ಗೊತ್ತಾಗದೆ ಜಾರಿಹೋಗುತ್ತದೆ. ಸಂಜೆ ಹೊತ್ತು ಸಣ್ಣ ಕಾಜ ಹೊಲಿಯುವುದು. ನಡೆಯುತ್ತಾ ಮಾತಾಡುವುದು. ಈ ಕೊನೆಯದನ್ನು ಬರೆಸಿದ್ದು ಮಗಳು. ನಾನು ಮಾತಾಡುವಾಗ ನಿಂತುಬಿಡುತ್ತೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ಈ ಪುಟ ತುಂಬುವಾಗ ಮನೆಯವರೊಬ್ಬರು ಪಕ್ಕದಲ್ಲಿರಲಿ.

ಅಳತೆಯ ನಿಯಮ

ಆರು ತಿಂಗಳಿಗೊಮ್ಮೆ ಸಾಕು. ನಾನು ಜನವರಿ ಮತ್ತು ಜುಲೈ ಇಟ್ಟುಕೊಂಡಿದ್ದೇನೆ. ಅದೇ ಚಪ್ಪಲಿ, ಅದೇ ಹೊತ್ತು. ನನಗೆ ಬೆಳಗ್ಗೆ ಹತ್ತು ಗಂಟೆ, ಸುಸ್ತು ಹತ್ತುವ ಮೊದಲು. ಜ್ವರವಿದ್ದರೆ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ, ಸೆಕೆ ಜಾಸ್ತಿಯಿದ್ದರೆ ಮುಂದೂಡಿ. ಅಟ್ಯಾಕ್ ಆದವರು ಮೂರು ತಿಂಗಳಾದರೂ ಬಿಟ್ಟು ಹೊಸ ಅಳತೆ ಹಾಕಿ. ಚೇತರಿಕೆ ಇನ್ನೂ ನಡೆಯುತ್ತಿರುತ್ತದೆ.

ಮೊದಲ ವರ್ಷ ನಾನು ದಿನಾ ಅಳೆಯುತ್ತಿದ್ದೆ. ಅರ್ಧ ಸೆಕೆಂಡು ಹೆಚ್ಚಾದ ದಿನ ಊಟ ಸೇರುತ್ತಿರಲಿಲ್ಲ. ಎಂಎಸ್‌ನಲ್ಲಿ ದಿನದಿಂದ ದಿನಕ್ಕೆ ಅಂಕಿ ಕುಣಿಯುತ್ತಲೇ ಇರುತ್ತದೆ, ಅದಕ್ಕೆ ಅರ್ಥವಿಲ್ಲ. ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ನಡಿಗೆಗೂ ಕೈಗೂ 20 ಶೇಕಡಾ ಎಂಬ ಗೆರೆ ಇಟ್ಟುಕೊಳ್ಳಿ. ನನ್ನ ಮೊದಲ ಅಳತೆ 5.8 ಸೆಕೆಂಡು. ಅದರ 20 ಶೇಕಡಾ ಸುಮಾರು 1.2. ಅಂದರೆ 7 ಸೆಕೆಂಡು ಮುಟ್ಟುವ ತನಕ ನಾನು ಗಾಬರಿಯಾಗುವಂತಿಲ್ಲ. ಗೆರೆ ದಾಟಿದರೂ ಒಂದೇ ಸಲಕ್ಕೆ ನಂಬಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಆಗಲೂ ಅಷ್ಟೇ ಇದ್ದರೆ ಅದು ನಿಜವಾದ ಇಳಿತ. ಔಷಧ ಪರೀಕ್ಷೆಗಳಲ್ಲೂ ಹಾಗೇ, 12 ಅಥವಾ 24 ವಾರ ಉಳಿದ ಇಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಕಾಲು ಇದ್ದಕ್ಕಿದ್ದಂತೆ ಸೋತರೆ

2020ರಲ್ಲಿ ಒಂದು ಬೆಳಗ್ಗೆ ಎದ್ದಾಗ ಎರಡೂ ಕಾಲು ಭಾರ. ಗೋಡೆ ಹಿಡಿದು ಬಚ್ಚಲಿಗೆ ಹೋದೆ. ಆರು ವರ್ಷದ ಮೇಲೆ ಅಟ್ಯಾಕ್ ಬಂತು ಅಂತ ಅತ್ತೆ. ಕೊನೆಗೆ ನೋಡಿದರೆ ಮೂತ್ರದ ಸೋಂಕು. ಅದಕ್ಕೆ ಔಷಧ ಕೊಟ್ಟ ನಾಲ್ಕನೇ ದಿನ ಕಾಲು ಮೊದಲಿನಂತಾಯಿತು.

ಇದನ್ನು ಸುಳ್ಳು ಅಟ್ಯಾಕ್ ಅನ್ನಬಹುದು. ಹೊದಿಕೆ ಹೋದ ನರಕ್ಕೆ ಬಿಸಿ ತಡೆಯುವುದಿಲ್ಲ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಸಂದೇಶ ನಿಲ್ಲಬಹುದು. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಹ್ತೋಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ದೇಹ ದಣಿದಾಗ ರೋಗಿಗಳ ದೃಷ್ಟಿ ಮಂಕಾಗುತ್ತಿತ್ತು, ವಿಶ್ರಾಂತಿ ಪಡೆದರೆ ಸರಿಹೋಗುತ್ತಿತ್ತು. ಇಲ್ಲಿ ಹೊಸ ಹಾನಿ ಇಲ್ಲ, ಹಳೆಯದೇ ಮೇಲೆದ್ದು ಕಾಣುತ್ತದೆ.

ಹಾಗಾಗಿ ಎಂಎಸ್ ಇರುವವರು ಮೊದಲು ಜ್ವರ ನೋಡಿ. ಮೂತ್ರ ಉರಿಯುತ್ತಿದೆಯೇ, ವಾಸನೆ ಇದೆಯೇ ನೋಡಿ. ತಂಪಾದ ಜಾಗದಲ್ಲಿ ಮಲಗಿ. ಸೋಂಕಿಲ್ಲದೆ, ಜ್ವರವಿಲ್ಲದೆ, ಹೊಸ ತೊಂದರೆ 24 ಗಂಟೆ ಬಿಡದೆ ಉಳಿದರೆ ಅದನ್ನು ರಿಲ್ಯಾಪ್ಸ್ ಎಂದು ಪರಿಗಣಿಸುತ್ತಾರೆ. ಆಗ ಡಾಕ್ಟರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ಕೊಟ್ಟರೆ ಚೇತರಿಕೆ ಬೇಗ ಆಗುತ್ತದೆ. ಕೊನೆಗೆ ಎಷ್ಟು ಚೇತರಿಸಿಕೊಳ್ಳುತ್ತೇವೆ ಎಂಬುದನ್ನು ಅದು ಅಷ್ಟಾಗಿ ಬದಲಿಸುವುದಿಲ್ಲ.

ಎನ್‌ಎಂಒ ಇರುವವರು ಈ 24 ಗಂಟೆಯ ಲೆಕ್ಕ ಹಾಕುತ್ತಾ ಕೂರಬಾರದು. ಅಲ್ಲಿ ಗಂಟೆಗಳಿಗೂ ಬೆಲೆಯಿದೆ. ಸ್ಟೀರಾಯ್ಡ್, ಪ್ಲಾಸ್ಮಾ ಬದಲಾವಣೆ ಎಷ್ಟು ಬೇಗ ಶುರುವಾದರೆ ಅಷ್ಟು ಉಳಿಯುತ್ತದೆ. ಕಣ್ಣು ಮಂಜಾದರೆ, ಕಾಲು ಬಿದ್ದರೆ, ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ವಾಂತಿ ಬಂದರೆ ಆವತ್ತೇ ಆಸ್ಪತ್ರೆ. ಕಾಯಿಲೆ ಯಾವುದೇ ಇರಲಿ, ಮೂತ್ರ ಪೂರ್ತಿ ಕಟ್ಟಿದರೆ, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ ಕಾಯಬೇಡಿ.

ಡಾಕ್ಟರ ಮುಂದೆ

ನೋಟ್‌ಬುಕ್ ಇಡೀ ಕೊಟ್ಟರೆ ಯಾರೂ ಓದುವುದಿಲ್ಲ. ನಾನು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗುತ್ತೇನೆ. "ಹೇಗಿದ್ದೀರಿ?" ಅಂದ ಕೂಡಲೇ "ಪರವಾಗಿಲ್ಲ" ಅನ್ನುವ ಚಾಳಿ ನಮಗೆಲ್ಲ ಇದೆ. ಅದಕ್ಕೆ ಮೊದಲೇ ಹಾಳೆ ಮುಂದೆ ಇಡಬೇಕು.

2022ರ ಏಪ್ರಿಲ್ ಹಾಳೆ ಹೀಗಿತ್ತು. ನಡಿಗೆ: 2019ರಲ್ಲಿ 5.8, ಕಳೆದ ವರ್ಷ 6.4, ಜನವರಿಯಲ್ಲಿ 7.1, ಈಗ 7.2. ಕೈ: ಬದಲಿಲ್ಲ. ಅಟ್ಯಾಕ್: ಇಲ್ಲ. ಬಿಟ್ಟ ಕೆಲಸ: ಎರಡು ನಿಲ್ದಾಣ ಮೊದಲೇ ಬಸ್ ಇಳಿದು ನಡೆಯುವುದು, ಮಹಡಿ ಹತ್ತುವುದು.

ಡಾಕ್ಟರು ಎದ್ದು ಬಂದು ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನನ್ನು ನಡೆಸಿದರು. 500 ಮೀಟರ್ ಆಗುವಷ್ಟರಲ್ಲಿ ಬಲಪಾದದ ತುದಿ ನೆಲಕ್ಕೆ ಉಜ್ಜುತ್ತಿತ್ತು. ಇಡಿಎಸ್‌ಎಸ್ 4.0 ಎಂದು ಬರೆದರು. ಎಂಆರ್‌ಐ ಮಾಡಿಸಿದರು, ಹೊಸ ಕಲೆ ಇರಲಿಲ್ಲ. ಆದರೂ ಔಷಧದ ಬಗ್ಗೆ ಹೊಸದಾಗಿ ಯೋಚನೆ ಮಾಡಿದರು. ಇಳಿಜಾರಿಗೆ ಸಿಗುವ ಮದ್ದು ಅಟ್ಯಾಕಿಗೆ ಸಿಗುವಷ್ಟಿಲ್ಲ. ಮೊದಲಿನಿಂದಲೇ ಇಳಿಜಾರಾಗಿರುವ ಎಂಎಸ್‌ಗೆ ಒಕ್ರೆಲಿಜುಮಾಬ್ ಎಂಬ ಔಷಧ ಒಪ್ಪಿಗೆ ಪಡೆದದ್ದೇ 2017ರಲ್ಲಿ. ಅದೂ ಇಳಿತವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಉಳಿದ ಕೆಲಸ ಫಿಸಿಯೋಥೆರಪಿಸ್ಟರದು. ಅವರು ಪಾದ ಎತ್ತಿ ಹಿಡಿಯುವ ಪಟ್ಟಿ ಕೊಟ್ಟರು, ಬಿಗಿತ ಇಳಿಸಲು ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು, ವಾರಕ್ಕೆ ಮೂರು ದಿನ ತುಳಿಯುವ ಸೈಕಲ್ ಹಾಕಿಸಿದರು. ಮನೆಯವರು ಸಿಗರೇಟು ಸೇದುತ್ತಿದ್ದರು. ಸೇದುವವರಿಗೇ ಎಂಎಸ್ ಇದ್ದರೆ ಇಳಿತ ಬೇಗ ಆಗುತ್ತದೆ ಎಂದು ಡಾಕ್ಟರು ಹೇಳಿದ್ದು ಕೇಳಿ, ಕಾಯಿಲೆ ಇಲ್ಲದ ಅವರೂ ಬಿಟ್ಟರು. ಆ ಲಾಭ ಲೆಕ್ಕದಲ್ಲೇ ಇರಲಿಲ್ಲ.

ಈ ಜುಲೈಯಲ್ಲಿ 7.3 ಬಂತು. ಎಡಗೈ ಗುಂಡಿಗೆ ಎರಡು ಸೆಕೆಂಡು ಜಾಸ್ತಿ, ಗೆರೆಯೊಳಗೇ ಇದೆ. ಬಿಟ್ಟ ಕೆಲಸಗಳ ಪುಟದಲ್ಲಿ ಹೊಸ ಸಾಲಿಲ್ಲ. ಪಾದದ ಪಟ್ಟಿ ಹಾಕಿಕೊಂಡು ಹಳೆ ಪೆಡಲ್ ಮೆಷಿನ್ ಹತ್ತು ನಿಮಿಷ ತುಳಿದು ನೋಡಿದೆ. ಹೊಲಿಗೆ ನೇರ ಬಂತು. ಹನ್ನೊಂದನೇ ನಿಮಿಷಕ್ಕೆ ಸೊಟ್ಟಗಾಯಿತು, ಅದನ್ನೂ ಬರೆದಿದ್ದೇನೆ.